ನೀಲಕ್ಕನ ತೋಟದಲ್ಲಿ ಮೂರು ತಿಂಗಳು

ಕಳೆದ ವಾರ ಜಮಖಂಡಿಯ ಬಸ್‌ಸ್ಟ್ಯಾಂಡಿನ ಹೊರಗೆ ಬನಹಟ್ಟಿಯ ಬಸ್ಸಿಗಾಗಿ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಅಗಲವಾದ ತಾಟಿನಲ್ಲಿ ಗಿಣ್ಣ ಇಟ್ಟುಕೊಂಡು, ಚಾಕುವಿನಿಂದ ಕೊಯ್ದು ಕಾಗದದ ಮೇಲಿಟ್ಟು ಕೊಡುತ್ತಿದ್ದಳು. ಆಗತಾನೆ ಈದ ಎಮ್ಮೆಯ ಹಾಲಿಗೆ ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣ. ಅದರ ವಾಸನೆ ಮೂಗಿಗೆ ಬಡಿದದ್ದೇ ತಡ, ಬಸ್‌ಸ್ಟ್ಯಾಂಡಿನ ಗದ್ದಲವೆಲ್ಲ ಹಿಂದಕ್ಕೆ ಸರಿದು, ನಾನು ಹುನ್ನೂರ ಹತ್ತಿರದ ಒಂದು ತೋಟದ ಕೊಟ್ಟಿಗೆಯಲ್ಲಿ ಮೊಣಕಾಲೂರಿ ಕೂತಿದ್ದೆ. ಬನಹಟ್ಟಿಯ ಬಸ್ಸು ಬಂದು ಹೋಯಿತು. ನಾನು ಹತ್ತಲಿಲ್ಲ.

ಊರಿಗೆ ಊರೇ ಬಾಗಿಲು ಹಾಕಿಕೊಂಡ ವರ್ಷ ಅದು. ನಮ್ಮದು ಬನಹಟ್ಟಿ. ನಮ್ಮವರು, ಅಂದರೆ ನನ್ನ ಗಂಡ, ಪವರ್‌ಲೂಮಿನ ಮೇಲೆ ಸೀರೆ ನೇಯುತ್ತಾರೆ. ನಾನು ಕಂಡಿಕೆ ಸುತ್ತುತ್ತೇನೆ, ಅಂದರೆ ಮಗ್ಗದ ಲಾಳಿಯೊಳಗೆ ಕೂರುವ ನೂಲಿನ ಸಣ್ಣ ಸುರುಳಿಗಳನ್ನು ತಯಾರು ಮಾಡುತ್ತೇನೆ. ಒಬ್ಬಳೇ ಮಗಳು ಭಾಗ್ಯಶ್ರೀ ಆ ವರ್ಷ ಹತ್ತನೆಯ ತರಗತಿ. ಪರೀಕ್ಷೆ ಇನ್ನೇನು ಬಂತು ಅನ್ನುವಷ್ಟರಲ್ಲಿ ಮುಂದಕ್ಕೆ ಹೋಯಿತು. ಮಗ್ಗಗಳು ಒಂದೊಂದಾಗಿ ನಿಂತವು. ಯುಗಾದಿಯ ಹಿಂದಿನ ದಿನ ನಮ್ಮವರು, "ಹೆಂಗೂ ಕೆಲಸ ಇಲ್ಲ, ಹುನ್ನೂರಿಗೆ ಹೋಗಿ ಅಣ್ಣನ ಫೋಟೋಕ್ಕ ಒಂದು ಮಾಲಿ ಹಾಕಿ ನಾಳೆ ಹೊಳ್ಳಿ ಬರೂಣು," ಎಂದರು. ಭಾಗ್ಯಾ ಕುಣಿದಳು. ನಾನು ಕಂಡಿಕೆಯ ಬುಟ್ಟಿ ಎತ್ತಿಡುವ ನೆಪದಲ್ಲಿ ಒಳಗೆ ಹೋದೆ.

ಹುನ್ನೂರ ದಾರಿಯಲ್ಲಿರುವುದು ನಮ್ಮವರ ಅಣ್ಣ, ಅಂದರೆ ನನ್ನ ಭಾವನವರ ಹೆಂಡತಿ ನೀಲಕ್ಕನ ಎರಡೆಕರೆ ತೋಟ. ಆಕೆಯ ತವರಿನವರು ಕೊಟ್ಟದ್ದು. ಭಾವನವರೂ ನೇಕಾರರೇ ಆಗಿದ್ದರು. ಮದುವೆಯಾದ ಮೇಲೆ ಮಗ್ಗ ಬಿಟ್ಟು ಮಣ್ಣಿಗೆ ಬಂದರು. ಅವರು ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಮಕ್ಕಳಿಲ್ಲ. ಒಂದು ಎಮ್ಮೆ, ಏಳೆಂಟು ಕೋಳಿ, ಒಂದು ಬಾವಿ, ಹಂಚಿನ ಎರಡು ಕೋಣೆಯ ಮನೆ. ತವರಿಗೆ ಬಾ ಎಂದರೂ ಹೋಗದೆ ನೀಲಕ್ಕ ಅದನ್ನೆಲ್ಲ ತಾನೇ ನೋಡಿಕೊಂಡಿದ್ದಳು. ನಮ್ಮವರು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದರು, ಭಾಗ್ಯಾ ರಜೆಯಲ್ಲಿ ಹೋಗುತ್ತಿದ್ದಳು. ನಾನು ಮಾತ್ರ ಭಾವನವರು ತೀರಿಕೊಂಡಾಗ ಮಣ್ಣಿಗೆ ಹೋದದ್ದು ಬಿಟ್ಟರೆ ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಅದಕ್ಕೆ ಕಾರಣವಿತ್ತು.

ಬೈಕಿನ ಮೇಲೆ ಮೂವರೂ ಹೋದೆವು. ಎರಡು ಚೀಲ, ಭಾಗ್ಯಾಳ ಎರಡು ಪುಸ್ತಕ. ಅಂದೇ ಸಂಜೆ ನಮ್ಮವರ ಫೋನಿನಲ್ಲಿ ಸುದ್ದಿ ಬಂತು, ಇಡೀ ದೇಶ ಬಂದ್ ಅಂತ. ಯುಗಾದಿಯ ದಿನ ಬೇವು ಕುಡಿದು, ಹೋಳಿಗೆ ಉಂಡು, ಬೈಕು ಹತ್ತಿ ಹೊರಟವರನ್ನು ಜಮಖಂಡಿಯ ಹೊರಗೆ ಪೊಲೀಸರು ತಡೆದರು. "ಎಲ್ಲಿಂದ ಬಂದ್ರಿ? ಅಲ್ಲೇ ಹೋಗಿ ಕುಂದರ್ರಿ," ಎಂದರು. ನಾವು ತಿರುಗಿ ಬಂದಾಗ ನೀಲಕ್ಕ ಅಂಗಳದಲ್ಲಿ ಕಸಬರಿಗೆ ಹಿಡಿದು ನಿಂತಿದ್ದಳು. ನಮ್ಮವರನ್ನು, ಭಾಗ್ಯಾಳನ್ನು ನೋಡಿ ಮುಖ ಅರಳಿತು. ನನ್ನನ್ನು ನೋಡಿ ಕಸಬರಿಗೆಯನ್ನು ಗೋಡೆಗೆ ಒರಗಿಸಿ ಒಳಗೆ ಹೋಗಿ ಮತ್ತೊಂದು ಚಾಪೆ ಹಾಸಿದಳು.

ಮೊದಲ ಹತ್ತು ದಿನ ಆಕೆ ನನ್ನ ಜೊತೆ ನೇರವಾಗಿ ಒಂದು ಮಾತೂ ಆಡಲಿಲ್ಲ. ಸಿಟ್ಟಿರಲಿಲ್ಲ, ಬಿರುಸಿರಲಿಲ್ಲ. ನಾನು ಒಂದು ಮಾರು ದೂರದಲ್ಲಿ ನಿಂತಿದ್ದಾಗಲೇ ಭಾಗ್ಯಾಳನ್ನು ಕರೆದು, "ನಿಮ್ಮವ್ವಗ ಕೇಳು, ರೊಟ್ಟಿ ಬಡೀತಾಳೇನಂತ," ಅನ್ನುತ್ತಿದ್ದಳು. ನಾನೂ ಭಾಗ್ಯಾಳಿಗೇ ಹೇಳುತ್ತಿದ್ದೆ: "ಬಡೀತಾಳಂತ ಹೇಳು." ನಡುವೆ ನಿಂತ ಹುಡುಗಿ ಒಮ್ಮೆ ಸಿಟ್ಟಾಗಿ, "ನಾ ಏನು ಟೆಲಿಫೋನ್ ಕಂಬ ಅದೀನೇನು? ನೀವ ನೀವ ಮಾತಾಡ್ರಿ," ಎಂದು ಬಾವಿಯ ಕಡೆ ಹೋಗಿಬಿಟ್ಟಳು. ನಾವಿಬ್ಬರೂ ಒಲೆಯ ಎರಡು ಬದಿಗೆ ಕೂತು, ಇಬ್ಬರಿಗೂ ನಗು ಬಂದು, ಇಬ್ಬರೂ ನಗಲಿಲ್ಲ.

ಕಾರಣ ಭಾಗ್ಯಾಳ ತೊಟ್ಟಿಲ ಕಾರ್ಯದ ದಿನದ್ದು. ನನ್ನ ತವರಿನಲ್ಲಿ ಕಾರ್ಯ. ನೀಲಕ್ಕ ಹದಿನೈದು ದಿನ ಕೂತು ತನ್ನ ಕೈಯಾರೆ ಮಗುವಿಗೆ ತಲೆ-ಬೆನ್ನು ಮುಚ್ಚುವ ಕುಂಚಿಗೆ ಹೊಲಿದು ತಂದಿದ್ದಳು. ಗಂಡನ ಮನೆಯ ಕಡೆಯಿಂದ ಹಿರಿಯಳು ಆಕೆಯೇ. ಮಗುವನ್ನು ಎತ್ತಿಕೊಂಡು ತೊಟ್ಟಿಲ ಹತ್ತಿರ ಹೋದಳು. ಆಗ ನಮ್ಮವ್ವ ಎಲ್ಲ ಹೆಂಗಸರ ಎದುರಿಗೆ, "ಮೊದಲನೇ ಸಲ ತೊಟ್ಟಲದಾಗ ಮಕ್ಕಳಾದಾಕಿ ಹಾಕ್ಲಿ ತಡಿಯವಾ," ಎಂದುಬಿಟ್ಟಳು. ನೀಲಕ್ಕನಿಗೆ ಮದುವೆಯಾಗಿ ಆಗ ಒಂಬತ್ತು ವರ್ಷ. ಆಕೆ ನಿಂತಲ್ಲೇ ನಿಂತಳು. ನನ್ನ ಕಡೆ ನೋಡಿದಳು. ನಾನು ಹಾಸಿಗೆಯ ಮೇಲೆ ಕೂತಿದ್ದೆ, ಎಲ್ಲ ಕೇಳಿಸಿತ್ತು. ಏನೂ ಹೇಳಲಿಲ್ಲ. ಮಗುವನ್ನು ಪಕ್ಕದಾಕೆಯ ಕೈಗೆ ಕೊಟ್ಟು ನೀಲಕ್ಕ ಹಿಂದೆ ಸರಿದಳು. ಊಟ ಮಾಡಿದಳು, ನಕ್ಕಳು, ಹೋಗುವಾಗ ಕುಂಕುಮ ಹಚ್ಚಿಸಿಕೊಂಡಳು. ಆಮೇಲೆ ನಮ್ಮ ಮನೆಗೆ ಬರಲಿಲ್ಲ. ಯಾರೂ ಜಗಳ ಆಡಿರಲಿಲ್ಲವಾದ್ದರಿಂದ ಯಾರೂ ರಾಜಿ ಮಾಡಿಸಲಿಲ್ಲ. ಹದಿನಾರು ವರ್ಷ ಹಾಗೆಯೇ ಹೋಯಿತು.

ತೋಟದ ದಿನಗಳು ಬೆಳಕು ಹರಿಯುವ ಮುಂಚೆಯೇ ಶುರುವಾಗುತ್ತಿದ್ದವು. ಬಿಸಿಲು ಏರುವಷ್ಟರಲ್ಲಿ ಬದನೆಕಾಯಿ ಹರಿದು, ಎಮ್ಮೆಗೆ ಮೇವು ಕೊಯ್ದು ಹಾಕಿ, ಕರೆಂಟು ಬಂದ ಹೊತ್ತಿನಲ್ಲಿ ಮೋಟಾರು ಹಚ್ಚಿ ನೀರು ತಿರುವಬೇಕು. ಹತ್ತು ಗಂಟೆಗೆ ರೊಟ್ಟಿ, ಪಲ್ಲೆ, ಶೇಂಗಾ ಹಿಂಡಿ, ಮಜ್ಜಿಗೆ. ಆಮೇಲೆ ಕರಿಮಣ್ಣು ಕಾಲು ಸುಡುತ್ತಿತ್ತು. ಬೇವಿನ ಗಿಡದ ನೆರಳು ಬಿಟ್ಟು ಯಾರೂ ಆಚೆ ಕದಲುತ್ತಿರಲಿಲ್ಲ. ರಸ್ತೆಯ ಮೇಲೆ ಒಂದು ಟ್ರ್ಯಾಕ್ಟರಿಲ್ಲ, ಬಸ್ಸಿಲ್ಲ.

ನಮ್ಮವರಿಗೆ ಆ ಮೌನವೇ ಹಿಂಸೆಯಾಯಿತು. ಹುಟ್ಟಿದಾಗಿನಿಂದ ಮಗ್ಗದ ಸಪ್ಪಳದಲ್ಲೇ ಬೆಳೆದ ಮನುಷ್ಯ. ಮಾತಾಡಿದರೆ ಅರ್ಧ ಕಿಲೋಮೀಟರಿಗೆ ಕೇಳುವಷ್ಟು ಜೋರು. ಕೈಗೆ ಕೆಲಸವಿಲ್ಲದೆ ಅಂಗಳದಲ್ಲಿ ಅತ್ತಿಂದಿತ್ತ ತಿರುಗುವುದನ್ನು ನೋಡಲಾರದೆ ನೀಲಕ್ಕ ಹೀರೇಬಳ್ಳಿಗೆ ಚಪ್ಪರ ಹಾಕು ಎಂದಳು. ಎರಡು ದಿನವಾದರೂ ಮುಗಿಯಲಿಲ್ಲ. ನೋಡಿದರೆ, ಕಂಬಗಳ ನಡುವೆ ದಾರ ಕಟ್ಟಿ, ಒಂದೊಂದು ಕಣ್ಣೂ ಒಂದೇ ಅಳತೆಗೆ ಬರುವ ಹಾಗೆ ಗಂಟು ಹಾಕುತ್ತ ಕೂತಿದ್ದರು.

"ಮಾದೇವಾ, ಬಳ್ಳಿಗೆ ಚಪ್ಪರ ಹಾಕಂದ್ರ ಸೀರಿ ನೇಯಾಕತ್ತೀಯಲ್ಲೋ!" ಎಂದಳು ನೀಲಕ್ಕ ನಮ್ಮವರಿಗೆ.

"ವೈನಿ, ಬಳ್ಳಿ ಅಂದ್ರೂ ಅದಕ್ಕೂ ಒಂದ ಛಂದ ಬೇಕಲ್ಲರಿ."

"ಹಬ್ಬಿದ ಮ್ಯಾಲ ನಿನ್ನ ಛಂದ ಯಾರ ನೋಡವರೋ?"

ಆದರೆ ಅದೇ ಚಪ್ಪರದ ಮುಂದೆ ಆಕೆ ಬಹಳ ಹೊತ್ತು ನಿಂತದ್ದನ್ನು ನಾನು ನೋಡಿದೆ. ಭಾವನವರೂ ಹಾಗೆಯೇ ಗಂಟು ಹಾಕುತ್ತಿದ್ದರಂತೆ. ಅದನ್ನು ಆಕೆ ಹೇಳಿದ್ದು ಭಾಗ್ಯಾಳಿಗೆ.

ಏಪ್ರಿಲ್ ಹೊತ್ತಿಗೆ ಬದನೆ ಗಿಡಗಳು ಮೈತುಂಬ ಕಾಯಿ ಬಿಟ್ಟವು. ಸಂತೆ ಬಂದ್, ಕೊಳ್ಳುವವರಿಲ್ಲ. ಹರಿಯದಿದ್ದರೆ ಬಲಿತು ಗಿಡ ಹಾಳು, ಹರಿದರೆ ಬುಟ್ಟಿಯಲ್ಲಿ ಕೊಳೆಯುತ್ತಿತ್ತು. ದಿನಾ ಎರಡು ಬುಟ್ಟಿ ಎಮ್ಮೆಯ ಮುಂದೆ ಸುರಿಯುವುದು ನೀಲಕ್ಕನಿಗೆ ಕರುಳು ಹಿಂಡಿದ ಹಾಗಾಗುತ್ತಿತ್ತು. ಅತ್ತ ಬನಹಟ್ಟಿಯಿಂದ ನಮ್ಮ ಓಣಿಯ ಗೆಳತಿಯೊಬ್ಬಳು ಫೋನ್ ಮಾಡಿ, ಮಗ್ಗ ನಿಂತು ಮೂರು ವಾರವಾಯ್ತು, ಮನೆಯಲ್ಲಿ ಬರೀ ಅನ್ನ-ಖಾರ ನಡೆದಿದೆ ಎಂದಿದ್ದಳು. ನಾನು ಅದನ್ನು ನಮ್ಮವರಿಗೆ ಹೇಳುತ್ತಿದ್ದಾಗ ನೀಲಕ್ಕ ಕಾಯಿ ಆರಿಸುತ್ತ ಕೂತಿದ್ದಳು. ತಲೆ ಎತ್ತಿ ನನ್ನ ಮುಖ ನೋಡಿದಳು.

"ಸಾವಿತ್ರಿ, ನಿಮ್ಮ ಓಣ್ಯಾಗ ಎಷ್ಟ ಮನಿ ಅದಾವು?"

ಹದಿನಾರು ವರ್ಷದಲ್ಲಿ ನನ್ನ ಹೆಸರು ಹಿಡಿದು ಆಕೆ ಕರೆದದ್ದು ಅದೇ ಮೊದಲು. ಭಾಗ್ಯಾ ಪುಸ್ತಕದಿಂದ ಕಣ್ಣು ಕಿತ್ತು ನಮ್ಮಿಬ್ಬರನ್ನೂ ನೋಡಿದಳು.

"ಇಪ್ಪತ್ತೆರಡು, ಅಕ್ಕಾ," ಎಂದೆ.

"ಸಣ್ಣ ಕೂಸುಗಳು ಎಷ್ಟ ಮನ್ಯಾಗ ಅದಾವು?"

ಬೆರಳು ಮಡಚಿ ಎಣಿಸಿದೆ. ಆಕೆ ಅಂಗಳದಲ್ಲಿ ಚೀಲ ಹಾಸಿ ಇಪ್ಪತ್ತೆರಡು ಗುಂಪು ಮಾಡಿದಳು. ಕೂಸುಗಳಿದ್ದ ಮನೆಗಳ ಗುಂಪಿಗೆ ಟೊಮೆಟೊ, ನಾಲ್ಕು ಮೊಟ್ಟೆ ಹೆಚ್ಚಿಗೆ. ತರಕಾರಿ ಒಯ್ಯುವವರಿಗೆ ಪಂಚಾಯಿತಿಯಲ್ಲಿ ಪಾಸು ಕೊಡುತ್ತಿದ್ದರು. ನಮ್ಮವರು ಅದನ್ನು ತೆಗೆದುಕೊಂಡು, ಬೈಕಿನ ಎರಡೂ ಬದಿಗೆ ಚೀಲ ಕಟ್ಟಿಕೊಂಡು ಹೊರಟರು. ಸಂಜೆ ಬಂದಾಗ ಭಾಗ್ಯಾಳ ಉಳಿದ ಪುಸ್ತಕಗಳೆಲ್ಲ ಬೆನ್ನ ಮೇಲಿದ್ದವು.

"ಏನಂದ್ರೋ ಓಣ್ಯಾಗಿನವ್ರು?" ಎಂದು ನೀಲಕ್ಕ ಕೇಳಿದಳು.

"ಏನನ್ನೂದ ವೈನಿ, ಮೂಲಿಮನಿ ಅಜ್ಜಿ ಬದನಿಕಾಯಿ ಮೂಸಿ ನೋಡಿ, ತುಂಬಗಾಯಿ ಮಾಡಾಕ ಶೇಂಗಾ ತರಲಿಲ್ಲೇನಪಾ ಅಂದ್ಲು."

ನೀಲಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಮುಂದಿನ ವಾರ ಚೀಲದ ಜೊತೆ ಶೇಂಗಾವೂ ಹೋಯಿತು. ಅಲ್ಲಿಂದ ಐದು ವಾರ ಹೀಗೆ ನಡೆಯಿತು. ನಮ್ಮವರಿಗೆ ವಾರಕ್ಕೊಂದು ದಿನ ಮೈಗೆ ಜೀವ ಬಂದಂತಾಗುತ್ತಿತ್ತು.

ನೀಲಕ್ಕ ಈಗ ನನ್ನ ಜೊತೆ ಮಾತಾಡುತ್ತಿದ್ದಳು. ಆದರೆ ಕೆಲಸದ ಮಾತಷ್ಟೇ. ನೀರು ಬಂತೇನು, ಹಿಟ್ಟು ಐತೇನು. ಅದರಾಚೆ ಒಂದು ಗೆರೆ ಇತ್ತು, ಅದನ್ನು ಇಬ್ಬರೂ ದಾಟುತ್ತಿರಲಿಲ್ಲ.

ಎಮ್ಮೆ ಗೌರಿ ದಿನ ತುಂಬಿದ್ದಳು. ಏಪ್ರಿಲ್ ಕೊನೆಯ ಒಂದು ದಿನ ಬೆಳಗ್ಗೆಯಿಂದ ಮೋಡ ಕವಿದು, ಗಾಳಿ ಇಲ್ಲದೆ ಮೈಯೆಲ್ಲ ಬೆವರುತ್ತಿತ್ತು. ಗೌರಿ ಮೇವು ಮುಟ್ಟಲಿಲ್ಲ. ಏಳುವುದು, ಮಲಗುವುದು. ಮಧ್ಯಾಹ್ನಕ್ಕೆ ನೀರಿನ ಚೀಲ ಒಡೆಯಿತು. ಒಂದು ಗೊರಸು ಕಂಡಿತು, ಅದರ ಮೇಲೆ ಕರುವಿನ ಮೂತಿ. ಅಷ್ಟೇ. ಅರ್ಧ ಗಂಟೆ, ಒಂದು ಗಂಟೆಯಾದರೂ ಮುಂದೆ ಬರಲಿಲ್ಲ. ಗೌರಿಯ ಕಣ್ಣುಗಳು ಮೇಲೆ ಹೋಗುತ್ತಿದ್ದವು. ನೀಲಕ್ಕ ದನದ ಡಾಕ್ಟರಿಗೆ ಫೋನ್ ಹಚ್ಚಿಸಿದಳು. ಅವರು ಬೀಳಗಿ ಕಡೆ ಒಂದು ಹಳ್ಳಿಯಲ್ಲಿ ಬೇರೊಂದು ಆಕಳ ಮುಂದೆ ಕೂತಿದ್ದರು. ಬರಲಿಕ್ಕೆ ಎರಡು ತಾಸು ಬೇಕು, ದಾರಿಯಲ್ಲಿ ಬೇಲಿ ಹಾಕಿದ ಊರುಗಳು ಬೇರೆ. ಭಾಗ್ಯಾ ಫೋನಿನ ಕ್ಯಾಮೆರಾ ಹಿಡಿದು ತೋರಿಸಿದಳು.

"ಇನ್ನೊಂದ ಮುಂಗಾಲು ಒಳಗ ಮಡಚೈತಿ," ಎಂದರು ಡಾಕ್ಟರು. "ಎರಡ ತಾಸು ತಡದ್ರ ಕರ ಉಳಿಯೂದಿಲ್ಲ. ಎಮ್ಮೀದೂ ಹೇಳಾಕ ಬರೂದಿಲ್ಲ. ಯಾರರ ಒಬ್ಬರು ಕೈ ಹಾಕಿ ಕಾಲು ನೆಟ್ಟಗ ಮಾಡಬೇಕ್ರಿ. ನಾ ಹೇಳ್ತೇನಿ, ಹೇಳಿದ್ಹಂಗ ಮಾಡ್ರಿ."

ನೀಲಕ್ಕನ ಬಲಗೈ ಮಣಿಕಟ್ಟು ಹಿಂದಿನ ವರ್ಷ ಬಾವಿಯ ಮೆಟ್ಟಿಲ ಮೇಲೆ ಜಾರಿ ಮುರಿದಿತ್ತು, ಪೂರ್ತಿ ಮಡಚುತ್ತಿರಲಿಲ್ಲ. ಆದರೂ ಆಕೆ ಸೆರಗು ಕಟ್ಟಿ ಕೈ ಹಾಕಿದಳು. ನೋವಿಗೆ ತುಟಿ ಕಚ್ಚಿದಳು, ಬೆರಳು ತಿರುಗಲಿಲ್ಲ. ನಮ್ಮವರು ರಕ್ತ ನೋಡಿದ ಕೂಡಲೇ ಕೊಟ್ಟಿಗೆಯ ಕಂಬ ಹಿಡಿದು ಕೆಳಗೆ ಕೂತಿದ್ದರು. ನೀಲಕ್ಕ ಕೈ ಹೊರಗೆ ತೆಗೆದು ನನ್ನ ಕೈ ನೋಡಿದಳು.

"ನಿಂದ ಕೈ ಸಣ್ಣ ಐತಿ, ಸಾವಿತ್ರಿ."

"ನನಗ ಏನೂ ಗೊತ್ತಿಲ್ಲಕ್ಕಾ. ನಾ ಎಂದೂ..."

"ನೂಲು ಹರದಾಗ ಕಣ್ಣ ಮುಚ್ಚಿಕೊಂಡ ಎಳಿ ಹುಡಕ್ತಿಯಂತ ಮಾದೇವ ಹೇಳ್ತಿದ್ದ. ಹಂಗ ಹುಡುಕು."

ಸೋಪು ಹಚ್ಚಿ ಮೊಳಕೈ ಮೇಲಿನವರೆಗೆ ತೊಳೆದುಕೊಂಡೆ. ನೀಲಕ್ಕ ಕೊಬ್ಬರಿ ಎಣ್ಣೆ ಸುರಿದಳು. ಮೊಣಕಾಲೂರಿ ಕೂತು ಕೈ ಒಳಗೆ ಹಾಕಿದೆ. ಆ ಬಿಸಿ, ಆ ಬಿಗಿ ನನಗೆ ಇಂದಿಗೂ ಹೇಳಲು ಬರುವುದಿಲ್ಲ. ಗೌರಿ ಕರುವನ್ನು ಹೊರದಬ್ಬಲು ಮುಕ್ಕರಿದಾಗ ನನ್ನ ಕೈಯ ಎಲುಬು ಪುಡಿಯಾಗುತ್ತದೆ ಅನಿಸಿತು.

"ಮುಕ್ಕರಿದಾಗ ಸುಮ್ಮನಿರ್ರಿ," ಎನ್ನುತ್ತಿತ್ತು ಫೋನು. "ಬಿಟ್ಟಾಗ ಕರಾನ ಎದಿ ಮ್ಯಾಲ ಕೈಯಿಟ್ಟು ಒಂಚೂರು ಹಿಂದಕ ದಬ್ಬರಿ. ಜಾಗ ಆತೇನು? ಈಗ ಮೊಣಕಾಲು ಹುಡುಕರಿ. ಅಲ್ಲಿಂದ ಕೆಳಗ ಇಳೀರಿ, ಗೊರಸು ಸಿಗತೈತಿ. ಗೊರಸನ್ನ ನಿಮ್ಮ ಅಂಗೈಯಾಗ ಮುಚ್ಚಿ ಹಿಡೀರಿ, ಇಲ್ಲಾಂದ್ರ ಗರ್ಭಚೀಲ ಹರೀತೈತಿ."

ಕಣ್ಣು ಮುಚ್ಚಿದೆ. ಎಲ್ಲವೂ ಜಾರುತ್ತಿತ್ತು. ಮೊಣಕಾಲು ಸಿಕ್ಕಿತು, ತಪ್ಪಿತು, ಮತ್ತೆ ಸಿಕ್ಕಿತು. ಅಲ್ಲಿಂದ ಬೆರಳು ಇಳಿಸಿದೆ. ಚಿಕ್ಕದೊಂದು ಗೊರಸು, ತುದಿ ಇನ್ನೂ ಮೆತ್ತಗೆ. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡಾಗ ಅದು ನನ್ನ ಕೈಯನ್ನು ಒದೆಯಿತು.

"ಜೀವ ಐತಕ್ಕಾ! ಒದೀತು!" ಎಂದು ಕೂಗಿದೆ.

"ಬಿಡಬ್ಯಾಡ," ಎಂದಳು ನೀಲಕ್ಕ. ಆಕೆ ನನ್ನ ಬೆನ್ನಿಗೆ ತನ್ನ ಮೈ ಆನಿಸಿ ಕೂತಿದ್ದಳು, ನಾನು ಹಿಂದಕ್ಕೆ ಬೀಳದ ಹಾಗೆ.

ಮೂರನೆಯ ಸಲಕ್ಕೆ ಕಾಲು ಮಡಿಕೆ ಬಿಚ್ಚಿ ಮುಂದೆ ಬಂತು. ಆಮೇಲಿನದು ಬೇಗ ಆಯಿತು. ಗೌರಿ ಮುಕ್ಕರಿದಾಗಲೆಲ್ಲ ನಾನೂ ನೀಲಕ್ಕನೂ ಒಂದೊಂದು ಕಾಲು ಹಿಡಿದು ಕೆಳಮುಖವಾಗಿ ಎಳೆದೆವು. ಕರು ಹುಲ್ಲಿನ ಮೇಲೆ ಜಾರಿಬಿತ್ತು. ಅಲುಗಲಿಲ್ಲ. ನೀಲಕ್ಕ ಅದರ ಮೂಗಿನ ಲೋಳೆ ಒರೆಸಿ, ಹುಲ್ಲುಕಡ್ಡಿಯಿಂದ ಮೂಗಿನೊಳಗೆ ಕಚಗುಳಿ ಇಟ್ಟು, ಗೋಣಿಚೀಲದಿಂದ ಪಕ್ಕೆ ಉಜ್ಜಿದಳು. ಸೀನಿತು. ತಲೆ ಒದರಿತು. ಭಾಗ್ಯಾ ಫೋನು ಹಿಡಿದುಕೊಂಡೇ ಗಳಗಳ ಅಳುತ್ತಿದ್ದಳು. ಫೋನಿನಲ್ಲಿದ್ದ ಡಾಕ್ಟರು, "ಹೆಣ್ಣೋ ಗಂಡೋ? ಯಾರರ ಹೇಳ್ರಿ!" ಎಂದು ಕೂಗುತ್ತಿದ್ದರು. ಹೆಣ್ಣು.

ಗೌರಿಯ ಮಾಸು ಬಿದ್ದು, ಬಿಸಿನೀರಿನಿಂದ ಕೆಚ್ಚಲು ತೊಳೆದಾಯಿತು. ಇನ್ನು ಮೊದಲ ಹಾಲು ಹಿಂಡಿ ಕರುವಿಗೆ ಕುಡಿಸಬೇಕು. ನೀಲಕ್ಕ ಚರಿಗೆ ತಂದು ನನ್ನ ಕೈಗೆ ಕೊಟ್ಟಳು.

"ನೀ ಹಿಂಡು."

"ನನಗ ಹಿಂಡಾಕ ಬರೂದಿಲ್ಲಕ್ಕಾ. ಎಮ್ಮಿ ನಿಂದು, ನೀ ಹಿಂಡು."

"ಮೊದಲನೇ ಹಾಲು ನಾ ಹಿಂಡೂದಿಲ್ಲ," ಎಂದಳು ಆಕೆ, ತೀರ ಸಾಮಾನ್ಯವಾಗಿ, ಇಂದು ಸೋಮವಾರ ಅನ್ನುವ ಹಾಗೆ. "ಪ್ರತಿ ಸಲ ಬಾಜೂ ತೋಟದಾಕಿನ್ನ ಕರೀತಿದ್ನಿ. ಈಗ ಆಕಿ ಬರೂಹಂಗಿಲ್ಲಲ್ಲ. ಮಕ್ಕಳ ತಾಯಿ ನೀ ಅದಿ. ನೀ ಹಿಂಡು."

ಚರಿಗೆ ನನ್ನ ಕೈಯಲ್ಲೇ ಉಳಿಯಿತು. ನಮ್ಮವ್ವ ಒಂದು ಮಾತು ಆಡಿ ಮರೆತಿದ್ದಳು. ಅವಳು ಸತ್ತೂ ಹೋಗಿದ್ದಳು. ಆದರೆ ಆ ಮಾತು ಇಲ್ಲಿ ಬಂದು, ಈ ಕೊಟ್ಟಿಗೆಯಲ್ಲಿ, ತಾನೇ ಸಾಕಿದ ಎಮ್ಮೆಯ ಹಾಲು ಹಿಂಡದ ಹಾಗೆ ಈಕೆಯ ಕೈ ಹಿಡಿದು ನಿಂತಿತ್ತು. ಇಷ್ಟು ವರ್ಷ. ಈಕೆ ಅದನ್ನು ನಂಬಿಬಿಟ್ಟಿದ್ದಳು.

"ಅಕ್ಕಾ, ಅವತ್ತ ನಮ್ಮವ್ವ ಅಂದದ್ದು ತಪ್ಪು. ನಾ ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ. ನನ್ನ ಕ್ಷಮಾ ಮಾಡು."

ನೀಲಕ್ಕ ಗೋಣಿಚೀಲ ಎತ್ತಿಕೊಂಡು ಕರುವಿನ ಬೆನ್ನು ಒರೆಸತೊಡಗಿದಳು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದಳು:

"ನಿಮ್ಮವ್ವ ಅಂದದ್ದು ನಾ ಮನಸಿನಾಗ ಇಟಗೊಂಡಿಲ್ಲ. ಹಳೇ ಕಾಲದ ಹೆಂಗಸು, ಅಂದ್ಲು. ನಾ ನಿನ್ನ ಮಾರಿ ನೋಡಿದ್ನಿ, ಸಾವಿತ್ರಿ. ನೀ ಆ ಕಡೆ ಮಾರಿ ಹೊಳ್ಳಿಸಿದಿ. ಅದ ನಂಗ ಮರೀಲಿಲ್ಲ."

ನಾನು ಇಷ್ಟು ವರ್ಷ ನನಗೆ ಹೇಳಿಕೊಂಡದ್ದು, ಸುಮ್ಮನೆ ಕೂತಿದ್ದೆ ಅಂತ. ಮುಖ ತಿರುಗಿಸಿದ್ದು ನನಗೆ ನೆನಪೇ ಇರಲಿಲ್ಲ. ಆಕೆ ಹೇಳಿದ ಕೂಡಲೇ ನೆನಪಾಯಿತು. ಹೌದು, ತಿರುಗಿಸಿದ್ದೆ. ಗೋಡೆಯ ಕಡೆ ನೋಡಿದ್ದೆ.

"ಹೌದಕ್ಕಾ, ಹೊಳ್ಳಿಸಿದ್ನಿ," ಎಂದೆ. "ನೋಡಾಕ ನಂಗ ಧೈರ್ಯ ಇರಲಿಲ್ಲ."

ಆಕೆ ತಲೆ ಆಡಿಸಿದಳು. ಇಬ್ಬರೂ ಅತ್ತೆವು. ನಮ್ಮ ಇಬ್ಬರ ಕೈಯೂ ಮೊಳಕೈವರೆಗೆ ಹೊಲಸಾಗಿದ್ದರಿಂದ ಕಣ್ಣು ಒರೆಸಿಕೊಳ್ಳಲಿಕ್ಕೂ ಆಗದೆ ಭುಜಕ್ಕೆ ಒರೆಸಿಕೊಂಡೆವು. ಕೊನೆಗೆ ಆಕೆಯೇ, "ಕರ ಹಸದೈತಿ, ಹಿಂಡ ಹೋಗು," ಎಂದಳು. ನಾನು ಹಟ ಮಾಡಲಿಲ್ಲ. ಹೋಗಿ ಕೂತು ಮೊಲೆ ಹಿಡಿದೆ. ಒಂದು ಹನಿ ಬರಲಿಲ್ಲ. ಇನ್ನೂ ಜೋರಾಗಿ ಹಿಡಿದೆ. ಗೌರಿ ಒಂದು ಒದೆ ಕೊಟ್ಟಳು. ಚರಿಗೆ ಒಂದು ಕಡೆ, ನಾನು ಸಗಣಿಯ ಮೇಲೆ. ಅಲ್ಲಿವರೆಗೆ ಕಂಬ ಹಿಡಿದು ಕೂತಿದ್ದ ನಮ್ಮವರು, "ಅರೆ, ನೂಲಲ್ಲಲೇ ಅದು!" ಎಂದರು. ಭಾಗ್ಯಾ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ದೊಡ್ಡವ್ವಾ, ನೀನ ಹಿಂಡ ಬೇ," ಎಂದಳು. "ಗೌರಿಗೆ ನಿನ್ನ ಕೈನ ಬೇಕಂತ."

ನೀಲಕ್ಕ ಚರಿಗೆ ಎತ್ತಿಕೊಂಡಳು. ತೊಳೆದಳು. ಒಂದು ಗಳಿಗೆ ನಿಂತಳು. ಆಮೇಲೆ ಕೂತು, ಗೌರಿಯ ಹೊಟ್ಟೆಗೆ ಹಣೆ ಆನಿಸಿದಳು. ದಪ್ಪನೆಯ ಹಳದಿ ಹಾಲು ಚರಿಗೆಯ ತಳಕ್ಕೆ ಬಿದ್ದ ಸಪ್ಪಳ ನಾಲ್ವರೂ ಕೇಳಿದೆವು. ಕರುವಿಗೆ ಬಾಯಿತುಂಬ ಕುಡಿಸಿ ಉಳಿದದ್ದರಲ್ಲಿ ಮರುದಿನ ಆಕೆ ಗಿಣ್ಣ ಮಾಡಿದಳು. ಮೊದಲ ತುತ್ತನ್ನು ಯಾರ ಬಾಯಿಗೆ ಇಡುವುದೆಂದು ನೋಡಿ, ನಮ್ಮವರ ಬಾಯಿಗೆ ಇಟ್ಟಳು. "ಪಾಪ, ಎಲ್ಲಾರಕಿಂತ ಹೆಚ್ಚು ತ್ರಾಸ ತುಗೊಂಡಾಂವ ನೀನ," ಎಂದಳು.

ಕರು ಹುಟ್ಟಿದ ಸಂಜೆಯೇ ಬೇಸಿಗೆಯ ಅಡ್ಡಮಳೆ ಬಂದು ಒಂದಷ್ಟು ಮಾವಿನಕಾಯಿ ಉದುರಿಸಿ ಹೋಯಿತು. ಮರುದಿನದಿಂದ ನನ್ನ ಹಾಲು ಹಿಂಡುವ ಪಾಠ ಶುರು. ಮೇ ಅರ್ಧಕ್ಕೆ ಬರುವಷ್ಟರಲ್ಲಿ ಗೌರಿ ನನ್ನನ್ನು ಸಹಿಸಿಕೊಳ್ಳುತ್ತಿದ್ದಳು. ನೀಲಕ್ಕ ಪಕ್ಕದಲ್ಲಿ ನಿಂತು, "ಜಗ್ಗಬ್ಯಾಡ, ಇಳಸು," ಅನ್ನುತ್ತಿದ್ದಳು. ಕೆಲಸದ ನಡುವೆ ಬೇರೆ ಮಾತುಗಳೂ ಬರತೊಡಗಿದವು. ಭಾವನವರು ಮೊದಲ ವರ್ಷ ಗೋವಿನಜೋಳದ ಸಸಿಯನ್ನು ಕಸವೆಂದು ಕಿತ್ತು ಹಾಕಿದ್ದು, ನಾನು ಹೊಸದಾಗಿ ಬಂದಾಗ ಮಗ್ಗದ ಸಪ್ಪಳಕ್ಕೆ ಹೆದರಿ ಕಿವಿಗೆ ಹತ್ತಿ ಇಟ್ಟುಕೊಂಡದ್ದು. ಹದಿನಾರು ವರ್ಷದ ಮಾತು ಬಾಕಿ ಇತ್ತು.

ಮಗ್ಗಗಳು ಶುರುವಾಗುತ್ತವೆ ಎಂದು ಸುದ್ದಿ ಬಂದಾಗ ನಮ್ಮವರು ಆ ದಿನವೇ ಹೊರಟರು. ನಾನೂ ಚೀಲ ಕಟ್ಟಿದೆ. ಭಾಗ್ಯಾ ಮಾತ್ರ ಬೇವಿನ ಗಿಡದ ಕೆಳಗೆ ಪುಸ್ತಕ ಹರವಿಕೊಂಡು ಕೂತವಳು ಏಳಲಿಲ್ಲ. ಪರೀಕ್ಷೆ ಜೂನಿಗೆ ಎಂದಾಗಿತ್ತು. ಇಲ್ಲಿ ಓದಿದ್ದು ತಲೆಗೆ ಹೋಗುತ್ತದೆ, ಅಲ್ಲಿ ಮಗ್ಗದ ಸಪ್ಪಳದಲ್ಲಿ ಹೋಗುವುದಿಲ್ಲ ಎಂದಳು. ನಮ್ಮವರು ನನ್ನ ಮುಖ ನೋಡಿದರು. ನಾನು ನೀಲಕ್ಕನ ಮುಖ ನೋಡಿದೆ.

"ಹುಡುಗಿ ಒಬ್ಬಾಕಿನ್ನ ಬಿಟ್ಟ ಹೊಕ್ಕೀಯೇನು?" ಎಂದಳು ನೀಲಕ್ಕ. "ನೀನೂ ಇರು. ಕಂಡಿಕಿ ಮಾದೇವ ಸುತ್ತಿಗೋತಾನ."

ನಾನು ಚೀಲ ಬಿಚ್ಚಿದೆ.

ಜೂನ್ ಮೊದಲ ವಾರ ಮಳೆ ಚೆನ್ನಾಗಿ ಆಯಿತು. ಕರಿಮಣ್ಣು ಉಂಡು ತಣಿಯಿತು. ಬಾಜೂ ತೋಟದ ಗೌಡರು ತಮ್ಮ ಎತ್ತು, ಕೂರಿಗೆ ತಂದು ಅರ್ಧ ಎಕರೆಗೆ ಹೆಸರು ಬಿತ್ತಲಿಕ್ಕೆ ನಿಂತರು. ಕೂರಿಗೆಯ ಹಿಂದೆ ನಡೆಯುತ್ತ ಅದರ ಬಟ್ಟಲಿಗೆ ಒಂದೇ ಸಮನೆ ಕಾಳು ಬಿಡುವುದು ಹೆಂಗಸರ ಕೆಲಸ. ನಾಲ್ಕು ಸುತ್ತು ತಾನು ಬಿಟ್ಟು ನೀಲಕ್ಕ ಉಡಿಯ ಕಾಳನ್ನು ನನ್ನ ಉಡಿಗೆ ಸುರಿದಳು.

"ಇನ್ನ ನೀ ನಡಿ."

"ತಪ್ಪಿದ್ರ?"

"ತಪ್ಪಿದ್ರ ಬೆಳಿ ತಪ್ಪತೈತಿ, ಮತ್ತೇನ. ನಡಿ."

ಒದ್ದೆ ಮಣ್ಣಿನಲ್ಲಿ ಪಾದ ಹೂತು ಹೋಗುತ್ತಿತ್ತು. ಎತ್ತಿನ ನಡಿಗೆಗೆ ನನ್ನ ನಡಿಗೆ ಹೊಂದುತ್ತಿರಲಿಲ್ಲ. ಮುಷ್ಟಿಯಿಂದ ಕಾಳು ಒಮ್ಮೆ ಸುರಿದುಹೋಗುತ್ತಿತ್ತು, ಒಮ್ಮೆ ನಿಂತೇ ಹೋಗುತ್ತಿತ್ತು. "ಕೈ ಬಿಗಿ ಹಿಡಿ! ದಟ್ಟ ಬೀಳಾಕತ್ತಾವು!" ಎಂದು ನೀಲಕ್ಕ ಬದುವಿನಿಂದ ಕೂಗುತ್ತಿದ್ದಳು. ಗೌಡರು ಎತ್ತುಗಳ ಜೊತೆ ಮಾತ್ರ ಮಾತಾಡಿದರು, ನನಗೆ ಏನೂ ಅನ್ನಲಿಲ್ಲ. ಅದು ಅವರ ದೊಡ್ಡತನ.

ಭಾಗ್ಯಾ ಪರೀಕ್ಷೆ ಬರೆದಳು. ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕೂತು ಬರೆದ ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸಾದಳು. ಈಗ ಜಮಖಂಡಿಯಲ್ಲಿ ಬಿ.ಎ. ಮುಗಿಸಿ ಬಿ.ಇಡ್. ಮಾಡುತ್ತಿದ್ದಾಳೆ, ದೊಡ್ಡವ್ವನ ಮನೆಯಿಂದಲೇ ಹೋಗಿ ಬರುತ್ತಾಳೆ. ಗೌರಿಯ ಮಗಳು ಈಗ ತಾನೂ ತಾಯಿಯಾಗಿದ್ದಾಳೆ. ಕಳೆದ ವಾರ ಬನಹಟ್ಟಿಯ ಬಸ್ಸು ಬಿಟ್ಟು ನಾನು ಹೋದದ್ದೂ ಹುನ್ನೂರಿಗೇ. ಹೇಳದೆ ಬಂದ ನನ್ನನ್ನು ನೋಡಿ ನೀಲಕ್ಕ, "ಛಲೋ ಆತು ಬಂದಿ, ಮೆಣಸಿನಕಾಯಿ ಬಿಡಸಬೇಕಾಗಿತ್ತು," ಎಂದು ಬುಟ್ಟಿ ಕೈಗೆ ಕೊಟ್ಟಳು.

ಆದರೆ ಆ ವರ್ಷದ ಬಗ್ಗೆ ಯಾರಾದರೂ ಕೇಳಿದರೆ ನನಗೆ ಕಣ್ಣ ಮುಂದೆ ಬರುವುದು ಪರೀಕ್ಷೆಯ ಹಿಂದಿನ ಒಂದು ಬೆಳಗು. ಹೆಸರು ಮೊಳೆತು ಎರಡೆಲೆ ಬಿಟ್ಟಿತ್ತು. ನೀಲಕ್ಕನ ನಾಲ್ಕು ಸುತ್ತಿನ ಸಾಲುಗಳು ಒಂದೇ ಅಂತರದಲ್ಲಿ ಸಮನಾಗಿ ಎದ್ದಿದ್ದವು. ಅಲ್ಲಿಂದ ಆಚೆಗೆ ನನ್ನವು. ಒಂದು ಕಡೆ ಗುಂಪು ಗುಂಪು, ಒಂದು ಕಡೆ ಮಾರುದ್ದ ಬರೀ ಮಣ್ಣು. ದೂರದಿಂದಲೇ ಕಾಣುತ್ತಿತ್ತು. ನಾಚಿಕೆಯಾಗಿ, ದಟ್ಟವಾದ ಕಡೆಯ ಸಸಿ ಕಿತ್ತು ಖಾಲಿ ಇದ್ದಲ್ಲಿ ನೆಡಲು ಬಗ್ಗಿದೆ. ನೀಲಕ್ಕ ಕೈ ಹಿಡಿದಳು.

"ಬಿಡು, ಕಿತ್ತಬ್ಯಾಡ. ನೀ ಎಲ್ಲೀತನಕ ನಡದೀ ಅಂತ ಗೊತ್ತಾಗ್ಲಿ."

ನಾವಿಬ್ಬರೂ ಬದುವಿನ ಮೇಲೆ ಕೂತೆವು. ಒಳಗಿನಿಂದ ಭಾಗ್ಯಾ ಗಟ್ಟಿಯಾಗಿ ಸಮಾಜ ವಿಜ್ಞಾನ ಓದುವುದು ಕೇಳುತ್ತಿತ್ತು. ಎಳೆ ಬಿಸಿಲಿನಲ್ಲಿ ನನ್ನ ಸೊಟ್ಟ ಸಾಲುಗಳೂ ಹಸಿರಾಗಿಯೇ ಇದ್ದವು.